ಮೂರೂರು ಕಟ್ಟೆಯ ಮುನ್ನೂರ ಹನ್ನೆರಡು ಮಂದಿ

ಪ್ರಭುಸ್ವಾಮಿ ಮೇಷ್ಟ್ರಿಗೆ ಯಾರಿಗೂ ‘ಇಲ್ಲ’ ಎಂದು ಹೇಳಿ ಅಭ್ಯಾಸವಿರಲಿಲ್ಲ. ಆ ಶುಕ್ರವಾರ ಸಂಜೆ ಶಾಲೆ ಮುಗಿಸಿಕೊಂಡು ಅವರು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿದ್ದ ರಂಗರಾಜುವಿನ ಸೈಬರ್ ಸೆಂಟರಿಗೆ ಬಂದು ಕೂತಾಗ, ಕಂಪ್ಯೂಟರು ಪರದೆಯ ನಡುವೆ ಒಂದು ಚೌಕ ತೋರಿಸಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಕೇಳಿತು. ಕೆಳಗೆ ಎರಡು ಗುಂಡಿ, ಯೆಸ್ ಒಂದು, ನೋ ಒಂದು. ಅಷ್ಟು ಮರ್ಯಾದೆಯಿಂದ ಕೇಳುತ್ತಿರುವಾಗ ನೋ ಎನ್ನುವುದು ಹೇಗೆಂದು ಮೇಷ್ಟ್ರು ಯೆಸ್ ಒತ್ತಿದರು. ಕಂಪ್ಯೂಟರು ಊಟ ಮುಗಿಸಿದ ಯಜಮಾನರು ಎಲೆ ಅಡಿಕೆ ಅಗಿಯುವ ಹಾಗೆ ಸ್ವಲ್ಪ ಹೊತ್ತು ಗುರುಗುಟ್ಟಿ, ಕೆಲಸ ಮುಗಿಯಿತು ಎಂದಿತು. ಮುಗಿದಿದ್ದು ಏನು ಎಂಬುದು ಅವರಿಗೆ ಅರ್ಥವಾಗುವಷ್ಟರಲ್ಲಿ ಮೂರೂರು ಕಟ್ಟೆಯ ಮುನ್ನೂರ ಹನ್ನೆರಡು ಸದಸ್ಯರ ಪಾಸ್‌ವರ್ಡುಗಳೂ ಅಳಿಸಿಹೋಗಿದ್ದವು.

ಅದು 2004ನೇ ಇಸವಿ. ಮೂರೂರು ಕಟ್ಟೆ ಎಂದರೆ ಕಲ್ಲಿನ ಕಟ್ಟೆಯಲ್ಲ. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರು ಊರಿನ ಕಡೆಯವರು ಇಂಟರ್ನೆಟ್ಟಿನಲ್ಲಿ ಸೇರಿ ಹರಟಲೆಂದು ಬ್ಯಾಂಕಿನ ಶಾಂತರಾಜು ಐದು ವರ್ಷದ ಹಿಂದೆ ಮಾಡಿದ್ದ ತಾಣ. ಮಾದೇಶ್ವರನ ಬೆಟ್ಟದ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿದ್ದು, ರೇಷ್ಮೆಗೂಡಿನ ಧಾರಣೆ, ಯಾರ ಮನೆ ಹುಡುಗಿಗೆ ಎಲ್ಲಿಯ ಗಂಡು ಗೊತ್ತಾಯಿತು ಎನ್ನುವುದು, ಲೊಕ್ಕನಹಳ್ಳಿ ಹೊಲಕ್ಕೆ ಆನೆ ಇಳಿದಿದ್ದು, ಎಲ್ಲ ಅಲ್ಲಿ ಬರುತ್ತಿತ್ತು. ತಲೆಬರಹದ ಪಕ್ಕಕ್ಕೆ ಒಂದು ಅರಳಿಮರದ ಚಿತ್ರ ಬೇಕೆಂದು ಶಾಂತರಾಜು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ಪ್ರಭುಸ್ವಾಮಿಯವರನ್ನು ಕೇಳಿದ. ಅವರು ಬರೆದುಕೊಟ್ಟರು. ಕಂಪ್ಯೂಟರಿಗೂ ಅವರಿಗೂ ಇದ್ದ ಸಂಬಂಧ ಅಷ್ಟೇ. ಮರುವರ್ಷ ಶಾಂತರಾಜುವಿಗೆ ಬೀದರಿಗೆ ವರ್ಗವಾಯಿತು. ಹೊರಡುವ ದಿನ ಅಡ್ಮಿನ್ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಮೇಷ್ಟ್ರ ಜೇಬಿಗೆ ಹಾಕಿ, ಎರಡು ದಿನ ನೋಡಿಕೊಂಡಿರಿ, ಅಲ್ಲಿ ಸಾಮಾನು ಇಳಿಸಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತೇನೆ ಎಂದ. ನಾಲ್ಕು ವರ್ಷವಾಗಿತ್ತು. ಶಾಂತರಾಜುವಿನ ಸಾಮಾನು ಇನ್ನೂ ಇಳಿದಿರಲಿಲ್ಲ.

ಕಟ್ಟೆಗೆ ವಯಸ್ಸಾಗಿತ್ತು. ಒಂದು ಸಲ ಅದರ ತಾರೀಖು ತಾನಾಗಿ ಹಿಂದಕ್ಕೆ ಓಡಿ, ಮದುವೆಯಾಗಿ ಮಗುವಾದವರ ಲಗ್ನಪತ್ರಿಕೆಗಳು ಮತ್ತೆ ಮೇಲಕ್ಕೆ ಬಂದವು. ಇನ್ನೊಂದು ಸಲ ಜಾಗ ಸಾಲದೆ ಎಲ್ಲರ ಬರಹವೂ ಅರ್ಧಕ್ಕೆ ನಿಲ್ಲತೊಡಗಿತು. ಕನ್ನಡ ಅಕ್ಷರ ಒಂದು ಕಂಪ್ಯೂಟರಿನಲ್ಲಿ ಮೂಡಿದರೆ ಇನ್ನೊಂದರಲ್ಲಿ ಮೂಡುತ್ತಿರಲಿಲ್ಲವಾದ್ದರಿಂದ ಎಲ್ಲರೂ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯುತ್ತಿದ್ದರು. ಯಾರೋ ಯಾರನ್ನೋ ಕತ್ತೆ ಎಂದು ಬೈದರೆಂದು ದೂರು ಬಂದಾಗ ಮೇಷ್ಟ್ರು ಆ ಪದ ಎಲ್ಲಿ ಬಂದರೂ ಅಕ್ಷರಕ್ಕೊಂದು ನಕ್ಷತ್ರ ಬರುವಂತೆ ಮಾಡಿದರು. ಇಂಗ್ಲಿಷ್ ಅಕ್ಷರದಲ್ಲಿ ಕತ್ತೆಗೂ ಕಟ್ಟೆಗೂ ಒಂದೇ ಐದು ಅಕ್ಷರವೆಂಬುದು ಹೊಳೆದಿದ್ದು ಮಾರನೆ ದಿನ, ಮೂರೂರು ಎಂಬುದರ ಮುಂದೆ ಐದು ನಕ್ಷತ್ರ ಮಿನುಗುವುದನ್ನು ಕಂಡಾಗ. ಪಕ್ಕದ ಮನೆಯ ಶಿವನಂಜಯ್ಯನವರು, ನಮ್ಮ ಕಟ್ಟೆಗೆ ಫೈವ್ ಸ್ಟಾರ್ ಬಂತಂತೆ ಎಂದು ಕೈಕುಲುಕಿ ಹೋದರು.

ಇಂಥ ಪ್ರತಿ ಸಂಕಟಕ್ಕೂ ಮೇಷ್ಟ್ರು ಬೀದರಿಗೆ ಫೋನು ಮಾಡುತ್ತಿದ್ದರು. ಈಗಲೂ ಮಾಡಿದರು. ಶಾಂತರಾಜು ಎಲ್ಲ ಕೇಳಿ, ಓದುವುದಕ್ಕೆ ತೊಂದರೆಯಿಲ್ಲ, ಬರೆಯುವುದಕ್ಕೆ ಮಾತ್ರ ನಿಮ್ಮನ್ನು ಬಿಟ್ಟು ಯಾರಿಗೂ ಆಗುವುದಿಲ್ಲ ಎಂದ. ಇಮೇಲಿನಲ್ಲಿ ಹೊಸ ಪಾಸ್‌ವರ್ಡು ಕಳಿಸುವ ಏರ್ಪಾಡು ಕೆಟ್ಟು ಮೂರು ವರ್ಷವಾಗಿತ್ತು. ಉಳಿದಿದ್ದು ಒಂದೇ ದಾರಿ. ಒಬ್ಬೊಬ್ಬರಿಗೂ ಮೇಷ್ಟ್ರೇ ಕೈಯಾರೆ ಹೊಸ ಪಾಸ್‌ವರ್ಡು ಹಾಕಿಕೊಡಬೇಕು. ಆದರೆ ಯಾರ ಹೆಸರನ್ನು ಯಾರು ಬೇಕಾದರೂ ನನ್ನದು ಎಂದುಬಿಟ್ಟರೆ? ಅದಕ್ಕೆ ಎಲ್ಲರೂ ಖುದ್ದಾಗಿ ಬರಲಿ, ಮುಖ ನೋಡಿ ಕೊಡಿ ಎಂದು ಅವನೇ ಹೇಳಿಕೊಟ್ಟ.

ಮೇಷ್ಟ್ರು ಕಟ್ಟೆಯ ಮೇಲೆ ನೋಟೀಸು ಹಾಕಿದರು. ಭಾನುವಾರ ಬೆಳಿಗ್ಗೆ ಹತ್ತರಿಂದ ರಂಗರಾಜುವಿನ ಸೈಬರ್ ಸೆಂಟರಿನಲ್ಲಿ ಸದಸ್ಯರು ಖುದ್ದು ಹಾಜರಾಗಿ ಪಾಸ್‌ವರ್ಡು ಪಡೆಯಬೇಕು. ನೋಟೀಸು ಹಾಕಿ ಮನೆಗೆ ನಡೆಯುವಾಗ ಅವರ ಮನಸ್ಸು ಹಗುರವಾಯಿತು. ಮುನ್ನೂರು ಜನ ಬರುತ್ತಾರೆ ಎಂದರೆ ಅದರಲ್ಲಿ ಕಂಪ್ಯೂಟರು ಬಲ್ಲವನು ಒಬ್ಬನಾದರೂ ಇರದೆ ಹೋಗುತ್ತಾನೆಯೇ? ಆ ಚೀಟಿಯನ್ನು ಅವನ ಜೇಬಿಗೆ ಹಾಕಿ ಬಂದುಬಿಟ್ಟರೆ, ಭಾನುವಾರ ಸಂಜೆಯಿಂದಲೇ ಕುಂಚ ಹಿಡಿಯಬಹುದು. ಬಿಳಿಗಿರಿರಂಗನ ಬೆಟ್ಟದ ಚಿತ್ರವೊಂದು ನಾಲ್ಕು ವರ್ಷದಿಂದ ತಪ್ಪಲಿನವರೆಗೆ ಮಾತ್ರ ಬಂದು ನಿಂತಿತ್ತು.

ಮನೆಗೆ ಬಂದಾಗ ನೋಟೀಸು ಅವರಿಗಿಂತ ಮೊದಲೇ ಬಂದು ಕೂತಿತ್ತು. ನಿವೃತ್ತ ರೆವಿನ್ಯೂ ಇನ್ಸ್‌ಪೆಕ್ಟರ್ ಶಿವನಂಜಯ್ಯನವರು ಅದನ್ನು ಓದಿ, ಪ್ರಿಂಟು ತೆಗೆಸಿ, ಮೇಷ್ಟ್ರ ಹೆಂಡತಿ ಯಶೋದಳಿಗೆ ವಿವರಿಸುತ್ತಿದ್ದರು.

“ಮುನ್ನೂರು ಜನ ಬತ್ತಾರೆ ಅಂದ್ರೆ ಸೈಬರ್‌ನಲ್ಲಿ ಎಲ್ ನಿಲ್ಲುಸ್ತೀರಿ ಮೇಷ್ಟ್ರೆ? ಅಲ್ಲಿರೋದು ಐದು ಕುರ್ಚಿ. ಪಕ್ಕದ್ ಖಾಲಿ ಸೈಟಲ್ಲಿ ಶಾಮಿಯಾನ ಹಾಕ್ಸುವ, ನಂಗೆ ಬಿಡಿ. ಅಷ್ಟು ದೂರ್ದಿಂದ ಬಂದೋರ್ಗೆ ಒಂದ್ ತುತ್ತು ಊಟ ಬ್ಯಾಡ್ವ?”

ಬೇಡ ಎನ್ನಲು ಮೇಷ್ಟ್ರು ಬಾಯಿ ತೆರೆದರು. ಎಂದಿನಂತೆ ಆಗಲಿ ಎಂದೇ ಬಂತು. ಯಶೋದಳಾದರೂ ತಡೆಯುತ್ತಾಳೆಂದು ಅವಳ ಮುಖ ನೋಡಿದರು. ಕಟ್ಟೆಯ ಹೆಸರೆತ್ತಿದರೆ ಪಾತ್ರೆ ಕುಕ್ಕುವ ಹೆಂಗಸು ಅವಳು. ಆದರೆ ಅವತ್ತು, ನೂರು ಜನಕ್ಕೆ ಚಿತ್ರಾನ್ನ ನಾನು ಮಾಡುತ್ತೇನೆ ಎಂದುಬಿಟ್ಟಳು. ಆಮೇಲೆ ಅಡುಗೆಮನೆಯಲ್ಲಿ ಕಾರಣ ಹೊರಗೆ ಬಂತು.

“ಆ ಸಿಂಗಾಪುರದ ರೂಪನೂ ಬತ್ತಾಳ?”

ಡಾಕ್ಟರ್ ರೂಪ, ಸಿಂಗಾಪುರ ಎಂಬ ಸದಸ್ಯೆ ಕಟ್ಟೆಯ ಕಣ್ಮಣಿ. ಯಾರಿಗೆ ಏನು ಕಾಯಿಲೆಯೆಂದರೂ ಮದ್ದು ಹೇಳುತ್ತಿದ್ದಳು. ಎರಡು ವರ್ಷದ ಹಿಂದೆ ಮೇಷ್ಟ್ರಿಗೆ ಬಾಯಿ ಹುಣ್ಣಾದಾಗ, ಎಳನೀರು ಕುಡಿಯಿರಿ, ನಾಲಿಗೆಗೆ ತುಪ್ಪ ಸವರಿ ಎಂದು ಅವಳು ಬರೆದಳು. ಮೇಷ್ಟ್ರು ಹಾಗೇ ಮಾಡಿ, ವಾಸಿಯಾದ ಮೇಲೆ ಊರೆಲ್ಲ ಹೊಗಳಿಕೊಂಡು ಬಂದರು. ಅದೇ ಮಾತನ್ನು ಯಶೋದ ಅದಕ್ಕೆ ಮೊದಲು ಒಂದು ವಾರದಿಂದ ಹೇಳುತ್ತಿದ್ದಳು. ಆ ದಿನದಿಂದ ಸಿಂಗಾಪುರವೆಂಬ ದೇಶ ಅವಳಿಗೆ ಸವತಿಯ ತವರಿನಂತಾಗಿತ್ತು. ಭಾನುವಾರ ಅವಳು ನಾಲ್ಕು ಗಂಟೆಗೇ ಎದ್ದು ಚಿತ್ರಾನ್ನ ಕಲಸಿ, ಮದುವೆಯ ರೇಷ್ಮೆ ಸೀರೆ ಉಟ್ಟು, ಯುದ್ಧಕ್ಕೆ ಹೊರಟವಳಂತೆ ಆಟೋ ಹತ್ತಿದಳು.

ಖಾಲಿ ಸೈಟಿನಲ್ಲಿ ಶಿವನಂಜಯ್ಯನವರು ಒಂದು ಸಾಮ್ರಾಜ್ಯವನ್ನೇ ಎಬ್ಬಿಸಿದ್ದರು. ಶಾಮಿಯಾನ, ನೂರು ಕುರ್ಚಿ, ಮೈಕು, ಮೈಕಿನ ಪಕ್ಕ ನೀರಿನ ಲೋಟ, ‘ಮೂರೂರು ಕಟ್ಟೆ ಸದಸ್ಯರ ಮಹಾಸಮ್ಮೇಳನ’ ಎಂಬ ಬಟ್ಟೆ ಬ್ಯಾನರು. ಮೇಷ್ಟ್ರು ಮುಂದೆ ಒಂದು ಮೇಜು ಹಾಕಿಕೊಂಡು ಸದಸ್ಯರ ಪಟ್ಟಿ ಹರಡಿಕೊಂಡು ಕೂತರು. ಹತ್ತು ಗಂಟೆಗೆ ಒಬ್ಬರೂ ಬರಲಿಲ್ಲ. ಹತ್ತೂಕಾಲಿಗೆ ಒಂದು ನಾಯಿ ಬಂದು ಕೊನೆಯ ಸಾಲಿನ ನೆರಳಿನಲ್ಲಿ ಮಲಗಿತು.

ಹತ್ತೂವರೆಗೆ ಮಾತ್ರ ಶಾಮಿಯಾನದ ಬಾಯಲ್ಲಿ ಒಂದು ದೊಡ್ಡ ಗುಂಪು ಕಾಣಿಸಿತು. ಅರವತ್ತು ಎಪ್ಪತ್ತು ಜನ, ಹೆಗಲಲ್ಲಿ ಗಂಟು, ಕಾಲಲ್ಲಿ ಧೂಳು. ಎಲ್ಲರೂ ಬಂದು ಸಾಲಾಗಿ ಕುರ್ಚಿಯಲ್ಲಿ ಕೂತರು. ಮೇಷ್ಟ್ರ ಕಣ್ಣಲ್ಲಿ ನೀರಾಡಿತು. ಇಷ್ಟು ದಿನ ಹೆಸರು ಮಾತ್ರ ಕಂಡಿದ್ದವರು ಈಗ ಮೈ ತಾಳಿ ಬಂದಿದ್ದಾರೆ. ಶಿವನಂಜಯ್ಯನವರು ಮೈಕು ಹಿಡಿದು ಇಂಟರ್ನೆಟ್ಟಿನ ಮಹಿಮೆ ಕುರಿತು ಇಪ್ಪತ್ತು ನಿಮಿಷ ಮಾತಾಡಿದರು. ಅವರು ಉಸಿರು ತೆಗೆದುಕೊಂಡಾಗಲೆಲ್ಲ ಗುಂಪು ಒಕ್ಕೊರಲಿನಿಂದ “ಉಘೇ ಮಾದಪ್ಪ” ಎಂದಿತು. ಎಂಥ ಶಿಸ್ತಿನ ಸದಸ್ಯರು ಎಂದು ಮೇಷ್ಟ್ರಿಗೆ ಅನ್ನಿಸಿತು.

ಭಾಷಣ ಮುಗಿದ ಮೇಲೆ ಗುಂಪಿನ ಹಿರಿಯನನ್ನು ಮೇಜಿನ ಬಳಿಗೆ ಕರೆದು ಮೇಷ್ಟ್ರು ನಿಮ್ಮ ಯೂಸರ್ ನೇಮ್ ಏನೆಂದು ಕೇಳಿದರು.

“ಎಸ್ರಾ ಸಾ? ಮಂಟೇಸ್ವಾಮಿ.”

ಪಟ್ಟಿಯಲ್ಲಿ ಆ ಹೆಸರಿರಲಿಲ್ಲ. ಮೊದಲು ಯಾವಾಗ ಕಟ್ಟೆಗೆ ಬಂದಿದ್ದಿರಿ ಎಂದು ಮೇಷ್ಟ್ರು ಇನ್ನೊಂದು ದಾರಿ ಹಿಡಿದರು.

“ವರ್ಸ ವರ್ಸಾನೂ ಬತ್ತೀವಿ ಸಾ, ಮಂಡ್ಯ ಕಡೆಯಿಂದ ನಡ್ಕಂಡೇ. ಬೆಟ್ಟುಕ್ಕೆ ಇನ್ನೂ ಎರಡು ದಿನದ ದಾರಿ ಅದೆ. ಈ ಸಲ ಕೊಳ್ಳೇಗಾಲದಲ್ಲಿ ಊಟುಕ್ ಮಡ್ಗಿರದು ಬಾಳ ಒಳ್ಳೇದಾಯ್ತು. ಎಲೆ ಯಾವಾಗ ಆಕ್ತೀರಿ?”

ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರು ಶಾಮಿಯಾನ ಕಂಡು ಅನ್ನದಾನವೆಂದೇ ತಿಳಿದಿದ್ದರು. ಕಟ್ಟೆಯ ವಿಚಾರ ವಿವರಿಸಿ ಅವರನ್ನು ಎಬ್ಬಿಸುವ ಧೈರ್ಯ ಯಾರಿಗಿತ್ತು? ಯಶೋದ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಡಿಸಿದಳು. ದೊಡ್ಡ ಪಾತ್ರೆ ಅರ್ಧ ಗಂಟೆಯಲ್ಲಿ ಬರಿದಾಯಿತು. ಮಂಟೇಸ್ವಾಮಿ ಹೊರಡುವಾಗ ಮೇಷ್ಟ್ರ ತಲೆಯ ಮೇಲೆ ಕೈಯಿಟ್ಟು, ನಿಮ್ಮ ಕಟ್ಟೆ ಸಾವಿರ ವರ್ಷ ಬಾಳಲಿ ಎಂದು ಹರಸಿದ. ಬೇರೆ ಏನಾದರೂ ಹರಸಬಾರದಿತ್ತೇ ಎಂದು ಮೇಷ್ಟ್ರು ಒಳಗೇ ಕೊರಗಿದರು.

ಶಾಮಿಯಾನ ಮತ್ತೆ ಖಾಲಿಯಾಯಿತು. ನಾಯಿ ಮಾತ್ರ ಎದ್ದು, ಮುಂದಿನ ಸಾಲಿಗೆ ಬಂದು ಮಲಗಿತು. ಆಮೇಲೆ ನಿಜವಾದ ಸದಸ್ಯರು ಬರತೊಡಗಿದರು, ಗುಂಪಾಗಿ ಅಲ್ಲ, ಒಬ್ಬೊಬ್ಬರಾಗಿ.

ಮೊದಲು ಬಂದವನು ಲೊಕ್ಕನಹಳ್ಳಿಯ ಮಾದಸ್ವಾಮಿ, ಕಾಡಿನಂಚಿನಲ್ಲಿ ರಾಗಿ ಬೆಳೆಯುವವನು. ಕಟ್ಟೆಯಲ್ಲಿ ಅವನ ಹೆಸರು ‘ಆನೆ ಬಂತು’. ಆನೆ ಇಳಿದ ಕೂಡಲೇ ಊರಿನ ಬೂತಿನಿಂದ ಸೈಬರ್ ಸೆಂಟರಿಗೆ ಫೋನು ಮಾಡುತ್ತಿದ್ದ, ರಂಗರಾಜು ಅವನ ಹೆಸರಿನಲ್ಲಿ ಟೈಪು ಮಾಡುತ್ತಿದ್ದ. ಸುತ್ತಲ ಹತ್ತು ಹಳ್ಳಿಗೆ ಸುದ್ದಿ ಮುಟ್ಟುತ್ತಿದ್ದುದು ಹಾಗೆ. ಕಂಪ್ಯೂಟರನ್ನು ಅವನು ಹತ್ತಿರದಿಂದ ಕಂಡವನೇ ಅಲ್ಲ. ಶಾಮಿಯಾನವನ್ನೆಲ್ಲ ಒಂದು ಸುತ್ತು ಬಂದು, ಹಿಂದಿನ ಗೋಡೆಯಾಚೆಗೂ ಇಣುಕಿ ನೋಡಿ, ಮೇಷ್ಟ್ರ ಮುಂದೆ ನಿಂತ.

“ಕಟ್ಟೆ ಎಲ್ಲದೆ ಸಾ? ಐದು ವರ್ಸದಿಂದ ಮೆಂಬರ್ ನಾನು. ಒಂದ್ಸಲನಾದ್ರೂ ಅದ್ರ ಮ್ಯಾಲೆ ಕುಂತ್ಕಂಡು ಓಗಮ ಅಂತ ಬಂದೆ.”

ಮೇಷ್ಟ್ರು ಅವನನ್ನು ಒಳಗೆ ಕರೆದುಕೊಂಡು ಹೋಗಿ ಪರದೆಯ ಮೇಲಿನ ಅರಳಿಮರ ತೋರಿಸಿದರು. ಮಾದಸ್ವಾಮಿ ಬಗ್ಗಿ ಬಹಳ ಹೊತ್ತು ನೋಡಿದ. ಮರ ಚೆನ್ನಾಗಿದೆ, ಆದರೆ ಕೂರುವುದಕ್ಕೆ ಜಾಗ ಸಾಲದು ಎಂದ. ಅವನ ಮುಖ ಸಪ್ಪಗಾದದ್ದು ಕಂಡು ಮೇಷ್ಟ್ರಿಗೆ ತಾವೇ ಏನೋ ಮೋಸ ಮಾಡಿದಂತೆ ಅನ್ನಿಸಿತು.

ಅವನ ಹಿಂದೆ ಯಳಂದೂರಿನಿಂದ ಇಬ್ಬರು ಬಂದರು, ನಿವೃತ್ತ ಪೋಸ್ಟ್ ಮಾಸ್ತರ್ ದೊಡ್ಡಮಾದಯ್ಯ ಮತ್ತು ನಿವೃತ್ತ ಹೆಡ್ಮಾಸ್ಟರ್ ಮುತ್ತಯ್ಯ. ಒಂದೇ ಬಸ್ಸಿನಲ್ಲಿ ಬಂದು ಒಬ್ಬರು ಮುಂದಿನ ಬಾಗಿಲಿನಲ್ಲೂ ಇನ್ನೊಬ್ಬರು ಹಿಂದಿನ ಬಾಗಿಲಿನಲ್ಲೂ ಇಳಿದಿದ್ದರು. ನಡುಗೋಡೆಯ ಮೇಲೆ ಬಾಗಿದ ಒಂದು ತೆಂಗಿನಮರದ ದೆಸೆಯಿಂದ ಅಕ್ಕಪಕ್ಕದ ಮನೆಯ ಇಬ್ಬರೂ ಆರು ವರ್ಷದಿಂದ ಮಾತು ಬಿಟ್ಟಿದ್ದರು. ಒಬ್ಬರು ತಮ್ಮ ಹೆಸರು ‘ದಿಲ್ಲಿ ದೊರೆ’ ಎಂದರು. ಅದು ಕೇಳಿದ್ದೇ ಇನ್ನೊಬ್ಬರು ಕುರ್ಚಿಯಿಂದ ಎದ್ದು ನಿಂತರು. ಅವರು ‘ಲಂಡನ್ ರಾಜ’. ಮೂರು ವರ್ಷದಿಂದ ದಿನಕ್ಕೊಂದು ನಡೆಯಂತೆ ಕಟ್ಟೆಯ ಮೇಲೆ ಚದುರಂಗ ಆಡುತ್ತಿದ್ದ, ಹಬ್ಬಕ್ಕೆ ಪರಸ್ಪರ ಶುಭಾಶಯ ಕೋರುತ್ತಿದ್ದ, ನೀವು ನಮ್ಮೂರಿನಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಹಲುಬುತ್ತಿದ್ದ ಪರಮಮಿತ್ರರು ಅವರಿಬ್ಬರೇ. ಇಬ್ಬರೂ ಒಂದು ಗಳಿಗೆ ಮುಖ ಮುಖ ನೋಡಿದರು. ಆಮೇಲೆ ಮುತ್ತಯ್ಯನವರು, ನಿಮ್ಮ ಕುದುರೆ ಸಾಯುವುದರಲ್ಲಿದೆ, ನೋಡಿಕೊಂಡಿರಾ ಎಂದು ಮೆಲ್ಲಗೆ ಕೇಳಿದರು. ಆರು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಹನ್ನೆರಡರ ಹೊತ್ತಿಗೆ ಹೊನ್ನೂರಿನ ಬಸ್ಸಿನಿಂದ ಅರವತ್ತು ದಾಟಿದ ಹೆಂಗಸೊಬ್ಬರು ಇಳಿದು, ಕೊಡೆ ಊರಿಕೊಂಡು ನಿಧಾನಕ್ಕೆ ಬಂದರು. ಹೆಸರು ಗುರುಸಿದ್ದಮ್ಮ. ಮೂವತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ ದಾದಿಯ ಕೆಲಸ ಮಾಡಿ ನಿವೃತ್ತರಾದವರು. ಕಟ್ಟೆಯಲ್ಲಿ ಯಾವ ಹೆಸರು ಎಂದು ಮೇಷ್ಟ್ರು ಕೇಳಿದರು. ಅವರು ಅತ್ತಿತ್ತ ನೋಡಿ, ಮುಂದಕ್ಕೆ ಬಗ್ಗಿ, ಗುಟ್ಟು ಹೇಳುವವರಂತೆ ಹೇಳಿದರು. ಮೈಕು ಹಾಕಿಯೇ ಇತ್ತು.

“ಡಾಕ್ಟರ್ ರೂಪ, ಸಿಂಗಾಪುರ.”

ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು. ಚಿತ್ರಾನ್ನದ ತಳ ಕೆರೆಯುತ್ತಿದ್ದ ಯಶೋದ ಸೌಟು ಹಿಡಿದುಕೊಂಡೇ ಬಂದಳು. ಗುರುಸಿದ್ದಮ್ಮ ಅವಳ ಕೈಯ ಸೌಟು ನೋಡಿ ಸ್ವಲ್ಪ ಹಿಂದೆ ಸರಿದರು.

“ತಪ್ಪು ತಿಳ್ಕಬ್ಯಾಡ ಕಣವ್ವ. ನೀರು ಕಾಯ್ಸಿ ಕುಡೀರಿ, ಕೈ ತೊಳ್ಕಳಿ ಅಂತ ಮೂವತ್ತು ವರ್ಸ ಮನೆಮನೆಗೂ ಓಗಿ ಏಳ್ದೆ. ಒಬ್ರೂ ಕೇಳ್ನಿಲ್ಲ. ಅದ್ನೇ ಸಿಂಗಾಪುರದಿಂದ ಏಳ್ದೆ, ಎಲ್ಲಾರೂ ಕೇಳುದ್ರು.”

ಯಶೋದ ಸೌಟನ್ನು ಕುರ್ಚಿಯ ಮೇಲಿಟ್ಟಳು. ಗುರುಸಿದ್ದಮ್ಮನವರ ಎರಡೂ ಕೈ ಹಿಡಿದುಕೊಂಡಳು. ಮನೆಯವರ ಬಾಯಿ ಹುಣ್ಣಿನ ಕತೆ ಆದಿಯಿಂದ ಅಂತ್ಯದವರೆಗೆ ಹೇಳಿದಳು. ಇಬ್ಬರೂ ಮೇಷ್ಟ್ರ ಕಡೆ ತಿರುಗಿ ನೋಡಿ ನಕ್ಕರು. ಆಮೇಲೆ ತಳದಲ್ಲಿ ಉಳಿದಿದ್ದ ಚಿತ್ರಾನ್ನವನ್ನು ಎರಡು ತಟ್ಟೆಗೆ ಹಾಕಿಕೊಂಡು, ಒಬ್ಬರಿಗೊಬ್ಬರು ಮೊಣಕಾಲು ತಾಗಿಸಿಕೊಂಡು ಕೂತು, ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗೆ ಮಾತಿಗಿಳಿದರು.

ಮಧ್ಯಾಹ್ನ ಎರಡಾಯಿತು. ಬಂದವರು ಎಲ್ಲ ಸೇರಿ ಒಂಬತ್ತು ಜನ. ಉಳಿದ ಮುನ್ನೂರು ಮಂದಿ ಎಲ್ಲಿ ಎಂದು ಮೇಷ್ಟ್ರು ಪಟ್ಟಿಯನ್ನು ತಿರುವಿ ಹಾಕುತ್ತಿರುವಾಗ ಸೈಬರ್ ಸೆಂಟರಿನ ರಂಗರಾಜು ತಲೆ ಕೆರೆದುಕೊಂಡು ಬಂದು ನಿಂತ. ಇಂಟರ್ನೆಟ್ ಎಂದರೇನು ಎಂದು ಕೇಳಿಕೊಂಡು ಅಂಗಡಿಗೆ ಬಂದವರಿಗೆಲ್ಲ ಅವನು ಮೊದಲ ಪಾಠವಾಗಿ ಕಟ್ಟೆಯ ಸದಸ್ಯತ್ವ ಮಾಡಿಸಿ ತೋರಿಸುತ್ತಿದ್ದನಂತೆ. ಪಾಠ ಕಲಿತವರು ಮನೆಗೆ ಹೋದರು, ಹೆಸರು ಕಟ್ಟೆಯಲ್ಲಿ ಉಳಿಯಿತು. ಅಂಥವರು ನೂರ ಎಪ್ಪತ್ತು ಜನ. ಹಾಗೆ ಕಲಿತವರಲ್ಲಿ ಒಬ್ಬರು ಕೈಯಲ್ಲೊಂದು ಕಂದಾಯದ ಲೆಕ್ಕದ ಪುಸ್ತಕದಂಥ ಉದ್ದನೆಯ ನೋಟು ಬುಕ್ಕು ಹಿಡಿದು ಅವನ ಹಿಂದೆಯೇ ಸರದಿಯಲ್ಲಿ ನಿಂತಿದ್ದರು. ಶಿವನಂಜಯ್ಯನವರು.

ನಿಮ್ಮದೊಂದು ಹೆಸರು ತಾನೆ, ಆಮೇಲೆ ಮಾಡಿಕೊಟ್ಟರಾಯಿತು ಎಂದು ಮೇಷ್ಟ್ರು ಅಂದರು. ಶಿವನಂಜಯ್ಯನವರು ಕನ್ನಡಕ ಹಾಕಿಕೊಂಡು ನೋಟು ಬುಕ್ಕು ಬಿಡಿಸಿ, ಊರ ಕಂದಾಯದ ಲೆಕ್ಕ ಒಪ್ಪಿಸುವ ಜಮಾಬಂದಿಯ ದನಿಯಲ್ಲಿ ಓದತೊಡಗಿದರು. ಕಾವೇರಿ ಕಂದ, ಸತ್ಯವಾದಿ, ಕೊಳ್ಳೇಗಾಲ ಕುವರ, ನೊಂದ ನಾಗರಿಕ, ನೊಂದ ನಾಗರಿಕ ಎರಡು, ನೊಂದ ನಾಗರಿಕ ಮೂರು. ಎರಡು ಪುಟ ಮುಗಿದರೂ ಹೆಸರು ಮುಗಿಯಲಿಲ್ಲ. ಒಟ್ಟು ತೊಂಬತ್ತೇಳು. ಅವರಿಗೆ ಪಾಸ್‌ವರ್ಡು ನೆನಪಿರುತ್ತಿರಲಿಲ್ಲ. ಮರೆತಾಗಲೆಲ್ಲ ಇಮೇಲಿನಲ್ಲಿ ಹೊಸದು ಬಾರದೆ, ಹೊಸ ಹೆಸರಿನಲ್ಲಿ ಹೊಸದಾಗಿ ಸೇರಿಕೊಳ್ಳುತ್ತಿದ್ದರು.

ಕಾವೇರಿ ಕಂದನಿಗೂ ಸತ್ಯವಾದಿಗೂ ಎರಡು ವರ್ಷದ ಹಿಂದೆ ಊರಿನ ಚರಂಡಿ ವಿಚಾರಕ್ಕೆ ನಲವತ್ತು ದಿನ ಘೋರ ಜಗಳವಾಗಿತ್ತು. ಅದನ್ನು ಬಿಡಿಸುವುದರಲ್ಲಿ ಮೇಷ್ಟ್ರ ದಸರಾ ರಜೆ ಪೂರ್ತಿ ಕಳೆದುಹೋಗಿತ್ತು. ಇಬ್ಬರೂ ನೀವೇ ಆಗಿದ್ದರೆ ನಿಮ್ಮನ್ನು ನೀವೇ ಅಷ್ಟು ಬೈದುಕೊಂಡಿದ್ದು ಯಾಕೆ ಎಂದು ಅವರು ಕೇಳಿದರು.

“ಬರದ್ ಮ್ಯಾಲೆ ಮರ್ತೋಯ್ತದೆ ಮೇಷ್ಟ್ರೆ. ಮಾರ್ನೆ ದಿನ ಓದಿದ್ರೆ, ಯಾವನಯ್ಯ ಇವನು ತಲೆಯಿಲ್ದೋನು ಅನ್ನುಸ್ತದೆ. ಖಂಡನೆ ಮಾಡ್ದೆ. ಅದು ನಾನೇ ಬರ್ದಿದ್ದು ಅಂತ ಗೊತ್ತಿದ್ರೆ ಅಷ್ಟು ಕೆಟ್ಟದಾಗಿ ಬೈತಿರ್ನಿಲ್ಲ.”

ಕೊನೆಗೆ ಸತ್ಯವಾದಿಯನ್ನು ಕಟ್ಟೆಯಿಂದ ತೆಗೆದುಹಾಕಿದ್ದು ಮೇಷ್ಟ್ರಿಗೆ ನೆನಪಾಯಿತು. ಅದನ್ನು ಅವರು ಸಂಕೋಚದಿಂದ ಎತ್ತಿದಾಗ ಶಿವನಂಜಯ್ಯನವರು ದೊಡ್ಡ ಮನಸ್ಸಿನಿಂದ ಕೈಯಾಡಿಸಿದರು. ಅವನಿಗೆ ಹಾಗೇ ಆಗಬೇಕಿತ್ತು ಎಂದರು.

ಮೇಷ್ಟ್ರು ಪಟ್ಟಿ ಮಡಿಸಿಟ್ಟರು. ನಾಲ್ಕು ವರ್ಷ ತಾವು ಒಂದು ಮಹಾಜನಸಮೂಹವನ್ನು ಕಾಯುತ್ತಿದ್ದೇವೆಂದು ತಿಳಿದಿದ್ದರು. ಹೊಲ ಕಾಯುವವನು ಬೆಳಗಾದ ಮೇಲೆ ನೋಡಿದರೆ ಒಂದೇ ಒಂದು ಮುಸುಕಿನ ಜೋಳದ ಗಿಡ ನಿಂತಿದ್ದ ಹಾಗಾಯಿತು. ಅವರಿಗೆ ಸಿಟ್ಟು ಬರಬೇಕಿತ್ತು. ಯಾಕೋ ನಗು ಬಂತು. ಆ ನಗುವಿನಲ್ಲಿಯೇ ಎದ್ದು ಹೋಗಿ ಮೈಕು ಹಿಡಿದರು. ತಮಗೆ ಕಂಪ್ಯೂಟರು ಬರುವುದಿಲ್ಲವೆಂದೂ, ಬಂದದ್ದು ಅರಳಿಮರ ಬರೆಯುವುದಕ್ಕೆಂದೂ, ಯಾರಾದರೂ ಕಟ್ಟೆಯನ್ನು ವಹಿಸಿಕೊಳ್ಳುವುದಾದರೆ ಈಗಲೇ ಚೀಟಿ ಕೊಡುತ್ತೇನೆಂದೂ ಹೇಳಿದರು. ಒಂಬತ್ತು ಜನವೂ ನೆಲ ನೋಡಿದರು.

“ಆಗಿದ್ರೆ ನನ್ ಕೈಲಿ ಆಗಲ್ಲ. ಇವತ್ತೇ ಮುಚ್ಬುಡ್ತೀನಿ,” ಎಂದರು ಮೇಷ್ಟ್ರು.

ಜನ ಅಳುತ್ತಾರೆ, ಕಾಲು ಹಿಡಿಯುತ್ತಾರೆ, ತಾವು ಮತ್ತೆ ಆಗಲಿ ಎಂದುಬಿಡುತ್ತೇವೆ ಎಂದು ಹೆದರಿ ಮೈಕನ್ನು ಗಟ್ಟಿಯಾಗಿ ಹಿಡಿದುಕೊಂಡರು. ಹಾಗೇನೂ ಆಗಲಿಲ್ಲ. ಎಲ್ಲರಿಗಿಂತ ಮೊದಲು ಗುರುಸಿದ್ದಮ್ಮ, ಮುಚ್ಚಿಬಿಡಿ ಎಂದರು. ಹೊನ್ನೂರಿನಿಂದ ಇಲ್ಲಿಗೆ ಎಷ್ಟು ಮಹಾ ದೂರ, ಎದುರಾಎದುರು ಕೂತು ಮಾತಾಡುವುದು ಬಿಟ್ಟು ಆ ಗುಂಡಿಗಳನ್ನು ಕುಟ್ಟಿ ಬೆರಳು ನೋಯಿಸಿಕೊಳ್ಳುವುದೇಕೆ ಎಂಬುದು ಅವರ ವಾದ. ದೊಡ್ಡಮಾದಯ್ಯನವರೂ ಮುತ್ತಯ್ಯನವರೂ ಆ ಹೊತ್ತಿಗೆ ಚದುರಂಗದ ಮಣೆಯೊಂದನ್ನು ಎಲ್ಲಿಂದಲೋ ತರಿಸಿಕೊಂಡು ಕೂತಿದ್ದರು, ತಲೆಯೆತ್ತದೆಯೇ ಒಪ್ಪಿದರು. ಮಾದಸ್ವಾಮಿಯ ಮುಖ ಅರಳಿತು. ಇನ್ನು ಮುಂದೆ ಎಲ್ಲಿ ಸೇರುವುದು ಎಂಬ ಚರ್ಚೆ ಶುರುವಾಗುವುದರೊಳಗೆ ಮೇಷ್ಟ್ರು ಮೈಕು ಇಟ್ಟು ಸೈಬರ್ ಸೆಂಟರಿನೊಳಕ್ಕೆ ಓಡಿದರು. ಎಲ್ಲಿ ಸೇರಿಕೊಂಡರೇನು, ಅದು ಅವರವರ ಪಾಡು.

ಒಳಗೆ ಕೂತು ಕಟ್ಟೆಯ ಮೇಲೆ ಕೊನೆಯ ನೋಟೀಸು ಬರೆದರು. ಒಂದೊಂದು ಅಕ್ಷರ ಒತ್ತುವಾಗಲೂ ಬೆರಳು ಕುಣಿಯುತ್ತಿತ್ತು. ಬೀದರಿಗೆ ಫೋನು ಮಾಡಿ ಸುದ್ದಿ ಹೇಳಿದರು. ಶಾಂತರಾಜು, ಮೇಷ್ಟ್ರೆ, ನಾನೂ ನೆಮ್ಮದಿಯಾಗಿ ಮಲಗುತ್ತೇನೆ ಇವತ್ತು ಎಂದ. ಶಾಮಿಯಾನದವರಿಗೆ ಕುರ್ಚಿ ಒಪ್ಪಿಸಿ, ಅಂಗಡಿಯಲ್ಲಿ ಒಂದು ಹೊಸ ಕುಂಚವನ್ನೂ ಹಸಿರು ಬಣ್ಣದ ಒಂದು ಟ್ಯೂಬನ್ನೂ ಕೊಂಡು, ಶಿಳ್ಳೆ ಹಾಕುತ್ತ ಮನೆಯ ಕಡೆ ನಡೆದರು. ಆರು ಗಂಟೆಯಾಗಿತ್ತು. ಬೀದಿ ಎಂದಿಗಿಂತ ಅಗಲವಾಗಿ ಕಂಡಿತು.

ಮನೆಯ ಮುಂದೆ ಚಪ್ಪಲಿಗಳ ರಾಶಿಯಿತ್ತು.

ಜಗುಲಿಯ ಮೇಲೆ ಚಾಪೆ ಹಾಸಿತ್ತು. ಒಂದು ಮೂಲೆಯಲ್ಲಿ ಚದುರಂಗ. ಇನ್ನೊಂದು ಮೂಲೆಯಲ್ಲಿ ಶಿವನಂಜಯ್ಯನವರು ಚರಂಡಿ ವಿಚಾರ ಎತ್ತಿಕೊಂಡು ಇಬ್ಬರ ಪರವಾಗಿಯೂ ಒಬ್ಬರೇ ಮಾತಾಡುತ್ತಿದ್ದರು. ಮಾದಸ್ವಾಮಿ ಜಗುಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು, ಕಲ್ಲನ್ನು ಅಂಗೈಯಿಂದ ಸವರುತ್ತ, ಸಿಂಹಾಸನ ಸಿಕ್ಕವನ ಹಾಗೆ ಕೂತಿದ್ದ. ಯಶೋದ ಕಾಫಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು. ನಾಲ್ಕು ವರ್ಷದಲ್ಲಿ ಮೇಷ್ಟ್ರು ಅವಳ ಮುಖದಲ್ಲಿ ಅಂಥ ಗೆಲುವು ಕಂಡಿರಲಿಲ್ಲ.

“ನಮ್ ಜಗ್ಲಿ ಸುಮ್ನೆ ಖಾಲಿ ಬಿದ್ದದಲ್ಲ, ಇಲ್ಲೇ ಸೇರಿ ಅಂದೆ ಕಣ್ರಿ. ಗುರುಸಿದ್ದಕ್ಕನೂ ಬತ್ತೀನಿ ಅಂದ್ರು. ಬರೋ ಭಾನುವಾರದ ತಂಕ ಯಾಕೆ ಕಾಯೋದು ಅಂತ ಇವತ್ತೇ ಶುರು ಮಾಡ್ಬುಟ್ವಿ.”

ಮೇಷ್ಟ್ರು ಕುಂಚದ ಪೊಟ್ಟಣವನ್ನು ಜೇಬಿನಿಂದ ತೆಗೆದು, ಮತ್ತೆ ಜೇಬಿಗೇ ಹಾಕಿದರು. ಅಷ್ಟರಲ್ಲಿ ಒಳಗೆ ಫೋನು ರಿಂಗಾಯಿತು. ಲೊಕ್ಕನಹಳ್ಳಿ ಬೂತಿನಿಂದ ಯಾರೋ, ಕೆರೆಯ ಹಿಂದೆ ಎರಡು ಆನೆ ಕಂಡಿವೆ, ಎಲ್ಲರಿಗೂ ತಿಳಿಸಿ ಎಂದರು. ಕಟ್ಟೆ ಮುಚ್ಚಿದ್ದರಿಂದ ಮಾದಸ್ವಾಮಿ ಆಗಲೇ ಫೋನು ಮಾಡಿ ಊರಿಗೆಲ್ಲ ಮೇಷ್ಟ್ರ ಮನೆಯ ನಂಬರೇ ಕೊಟ್ಟಿದ್ದ. ಮೇಷ್ಟ್ರು ಹತ್ತು ಹಳ್ಳಿಯ ಬೂತುಗಳಿಗೆ ಒಂದೊಂದಾಗಿ ಫೋನು ಮಾಡಿ ಬರುವಷ್ಟರಲ್ಲಿ ಮುತ್ತಯ್ಯನವರು ಗೋಡೆಗೆ ಒಂದು ಕರಿಹಲಗೆ ಒರಗಿಸಲು ಜಾಗ ಗೊತ್ತುಮಾಡಿದ್ದರು. ಬಸ್ಸಿನ ಸಮಯ, ಗೂಡಿನ ಧಾರಣೆ, ಮದುವೆ ಸುದ್ದಿ ಎಲ್ಲ ದಿನಾ ಅದರ ಮೇಲೆ ಬರೆಯಬೇಕೆಂದು ತೀರ್ಮಾನವಾಗಿತ್ತು. ಡ್ರಾಯಿಂಗ್ ಮೇಷ್ಟ್ರ ಅಕ್ಷರ ಮುತ್ತಿನಂತಿರುತ್ತದೆ ಎಂದು ಒಂಬತ್ತು ಜನವೂ ಒಪ್ಪಿದ್ದರು. ಯಾರು ಬರೆಯಬೇಕೆಂದು ಬೇರೆ ಕೇಳುವ ಅಗತ್ಯವೇ ಬೀಳಲಿಲ್ಲ.

ಆ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೇಷ್ಟ್ರಿಗೆ ಜೀವ ಬಂದಂತಾಯಿತು. ಇಷ್ಟು ವರ್ಷ ಕರೆಂಟು ಹೋದ ಕೂಡಲೇ ಕಟ್ಟೆ ತಾನಾಗಿ ಖಾಲಿಯಾಗುತ್ತಿತ್ತು. ಅವರು ಕಾದರು. ಯಾರೂ ಏಳಲಿಲ್ಲ. ಯಶೋದ ಒಳಗಿನಿಂದ ಲಾಟೀನು ತಂದು ಚದುರಂಗದ ಪಕ್ಕಕ್ಕೆ ಇಟ್ಟಳು. ಬೆಳಕು ಚೆನ್ನಾಗಿ ಬಿತ್ತು. ಗುರುಸಿದ್ದಮ್ಮ ಸ್ವಲ್ಪ ಸರಿದು ಮೇಷ್ಟ್ರಿಗೂ ಚಾಪೆಯಲ್ಲಿ ಜಾಗ ಮಾಡಿಕೊಟ್ಟರು.

ಮೇಷ್ಟ್ರು ಕೂತರು. ಗಂಟಲು ಸರಿಮಾಡಿಕೊಂಡು, ಏನೂ ಅವಸರವಿಲ್ಲದವರಂತೆ, ಯಳಂದೂರು, ಹೊನ್ನೂರು, ಹನೂರು ಕಡೆಗೆಲ್ಲ ಕೊನೇ ಬಸ್ಸು ಎಷ್ಟು ಹೊತ್ತಿಗಿರಬಹುದು ಎಂದು ವಿಚಾರಿಸಿದರು.

“ಬಸ್ಸಿನ ಚಿಂತೆ ಬುಡಿ ಸಾ,” ಎಂದ ಮಾದಸ್ವಾಮಿ. “ನಮ್ ಭಾವಮೈದ ಟೆಂಪೋ ತಕಂಡವ್ನೆ. ಇನ್ಮ್ಯಾಲೆ ದಿನಾ ಸಂದೇಲಿ ಎಲ್ಲಾರ್ನೂ ಮನೆತಾವಿಂದ ಕರ್ಕಂಡ್ ಬಂದು, ಮಾತು ಮುಗುದ್ ಮ್ಯಾಲೆ ಮನೆತಾವ್ಕೇ ಬುಟ್ಟೋಯ್ತನೆ. ನೀವು ಅಲ್ಗೆ ಮ್ಯಾಲೆ ನಿಧಾನ್ವಾಗಿ ಬರೀರಿ.”